ಹಲ್ಲಿನಲ್ಲಿ ಬಿಚ್ಚುವ ಗಂಟು

ಪ್ರೀತಿ ಹುಟ್ಟುವುದಕ್ಕೆ ಬೆಳದಿಂಗಳು ಬೇಕು, ಹೂದೋಟ ಬೇಕು ಎನ್ನುತ್ತಾರೆ. ಬ್ರಿಹಿದಾಳ ಪಾಲಿಗೆ ಅದ್ಯಾವುದೂ ಒದಗಲಿಲ್ಲ. ಅವಳು ಎಸೆದ ಅನ್ನದ ಪೊಟ್ಟಣ ಗುರಿ ತಪ್ಪಿ, ಇಂಜಿನ್ನಿನ ಕಿಟಕಿಯೊಳಗೆ ನುಗ್ಗಿ, ಡ್ರೈವರನ ಮುಖಕ್ಕೆ ಬಡಿಯಿತು. ಶುರುವಾದದ್ದು ಹಾಗೆ.

ತಪ್ಪು ಪೂರ್ತಿ ಅವಳದೇ ಎನ್ನಲೂ ಬರುವುದಿಲ್ಲ. ಇಂಜಿನ್ನಿಗೆ ಅಂಟಿಕೊಂಡ ಮೊದಲ ಡಬ್ಬಿಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂಸನ್ನು ಎದೆಗವಚಿಕೊಂಡು ಕುಳಿತಿದ್ದಳು. ಬ್ರಿಹಿದಾ ಅವಳಿಗೆಂದೇ ಎಸೆದದ್ದು. ಅವಸರದಲ್ಲಿ ಕೈ ಒಂದು ಗಳಿಗೆ ಮುಂಚೆ ಬೀಸಿತು.

ಸಾನ್ ಹಿಲಾರಿಯೊ ಎಂಬ ಆ ಊರು ವೆರಾಕ್ರೂಸ್ ಸೀಮೆಯ ಕಬ್ಬಿನ ಗದ್ದೆಗಳ ನಡುವೆ ಇದೆ. ಊರಿನ ಬೆನ್ನಿಗೇ ರೈಲು ಹಳಿ. ಗೂಡ್ಸ್ ರೈಲಿಗೆ ವೇಳೆ ಎಂಬುದಿಲ್ಲ, ಬೆಳಗ್ಗೆ ಬಂದರೂ ಬಂತು, ಮಧ್ಯಾಹ್ನ ಬಂದರೂ ಬಂತು. ಅದರ ನೆತ್ತಿಯ ಮೇಲೆ ಹೊಂಡುರಾಸ್, ಗ್ವಾಟೆಮಾಲಾ ಕಡೆಯ ಬಡವರು ಉತ್ತರಕ್ಕೆ ಕೂಲಿ ಹುಡುಕಿಕೊಂಡು ಹೋಗುತ್ತಾರೆ, ಬಿಸಿಲಲ್ಲಿ ಬೆಂದು, ಹಸಿದು. ಊರಿನ ಹತ್ತು-ಹನ್ನೆರಡು ಹೆಂಗಸರು ಪ್ರತಿದಿನ ಅನ್ನ, ಕಪ್ಪು ಬೀನ್ಸ್ ಕಾಳು, ಜೋಳದ ರೊಟ್ಟಿ ಮಾಡಿ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ಇಟ್ಟುಕೊಂಡಿರುತ್ತಾರೆ. ಸಿಳ್ಳೆ ಕೇಳಿದ ಕೂಡಲೇ ಕೈಯಲ್ಲಿದ್ದ ಕೆಲಸ ಬಿಟ್ಟು ಹಳಿಗೆ ಓಡುತ್ತಾರೆ.

ಆ ಅಡುಗೆಮನೆಯ ಯಜಮಾನಿ ಬ್ರಿಹಿದಾಳ ಚಿಕ್ಕಮ್ಮ ಚೆಂಚಾ. ದಪ್ಪ ದೇಹ, ಸಣ್ಣ ಕಣ್ಣು, ಚುರುಕು ನಾಲಿಗೆ.

"ನಾನು ಬರೋ ದಿನಾನೂ ನಿಮಗೆ ಗೊತ್ತಿಲ್ಲ, ಗಳಿಗೇನೂ ಗೊತ್ತಿಲ್ಲ, ಎಚ್ಚರವಾಗಿರಿ ಅಂತ ಕರ್ತ ಹೇಳಿದಾನಲ್ಲ," ಎನ್ನುತ್ತಿದ್ದಳು ಅವಳು, ಕಾಳು ಮಗುಚುತ್ತ. "ಅದು ನಮ್ಮೂರ ರೈಲಿನ ವಿಷಯಾನೇ ಇರ್ಬೇಕು ಅಂತ ನಂಗೆ ಅನುಮಾನ. ಅವನು ಬರೋದಾದ್ರೂ ಅದರ ಮೇಲೇ ಬರ್ತಾನೆ, ಟಿಕೆಟ್ ಇಲ್ದೆ."

ಬ್ರಿಹಿದಾ ನಗುತ್ತಿದ್ದಳು. ಆದರೆ ಅವಳು ಅದನ್ನು ಚಿಕ್ಕಮ್ಮನಿಗಿಂತ ಗಟ್ಟಿಯಾಗಿ ನಂಬಿದ್ದಳು. ಸಿಳ್ಳೆ ಕೇಳಿಸದಷ್ಟು ದೂರಕ್ಕೆ ಅವಳು ಹೋಗುತ್ತಲೇ ಇರಲಿಲ್ಲ.

ಮುಂದಿನ ಭಾನುವಾರ, ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ, ಅಡುಗೆಮನೆ ಬಾಗಿಲಲ್ಲಿ ಒಬ್ಬ ಎತ್ತರದ ಮನುಷ್ಯ ಬಂದು ನಿಂತ. ಕೈಯಲ್ಲಿ ತೊಳೆದು ಒಣಗಿಸಿ ಮಡಚಿದ ಪ್ಲಾಸ್ಟಿಕ್ ಚೀಲ.

"ಇದು ಯಾರ್ದು?" ಎಂದು ಕೇಳಿದ.

"ಚೀಲದ ಮೇಲೆ ನಾವು ಹೆಸರು ಬರೆಯಲ್ಲ," ಎಂದಳು ಬ್ರಿಹಿದಾ, ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆಯೆತ್ತದೆ. ಅವನು ಯಾರೆಂದು ಅವಳಿಗೆ ಆಗಲೇ ಹೊಳೆದಿತ್ತು, ಕಿವಿ ಬಿಸಿಯಾಗಿತ್ತು.

"ಎಸೆದೋರ ಮುಖ ನೋಡಿದೀನಿ. ಹೆಸರೊಂದು ಗೊತ್ತಿಲ್ಲ."

"ಬೈಯೋಕೆ ಬಂದ್ರಾ?"

"ಇಲ್ಲ. ಉಪ್ಪು ಕಮ್ಮಿ ಇತ್ತು, ಅದನ್ನ ಹೇಳಿ ಹೋಗೋಣ ಅಂತ ಬಂದೆ."

ಅವಳು ಆಗ ತಲೆಯೆತ್ತಿದಳು. ಅವನ ಮುಖದಲ್ಲಿ ನಗು ಇರಲಿಲ್ಲ, ನಗು ಎಲ್ಲ ಕಣ್ಣಿನ ಅಂಚಿನಲ್ಲಿ ಬಚ್ಚಿಟ್ಟುಕೊಂಡಿತ್ತು. ಅವಳು ನೋಡಿದಷ್ಟು ಹೊತ್ತು ಅವನೂ ನೋಡಿದ, ಅವಳು ದೃಷ್ಟಿ ತಗ್ಗಿಸಿದ ಮೇಲೂ ಸ್ವಲ್ಪ ಹೊತ್ತು ನೋಡಿದ. ಮೊರದಲ್ಲಿದ್ದ ಕಲ್ಲನ್ನು ಬಿಟ್ಟು ಅವಳು ಅಕ್ಕಿಯನ್ನೇ ಆರಿಸಿ ಎಸೆದದ್ದನ್ನು ಚಿಕ್ಕಮ್ಮ ಕಂಡಳು.

"ಬಂದೋರು ಬಾಗಿಲಿಗೆ ಅಡ್ಡ ನಿಂತ್ರೆ ಬೆಳಕೂ ಬರಲ್ಲ," ಎಂದಳು ಚೆಂಚಾ. "ಒಳಗೆ ಬನ್ನಿ. ಗಂಟು ಹಾಕೋಕೆ ಬರುತ್ತಾ?"

ಅವನ ಹೆಸರು ಲಿಸಾಂದ್ರೊ. ಕೊರ್ದೊಬಾದವನು, ವಯಸ್ಸು ನಲವತ್ತರ ಹತ್ತಿರ, ಮದುವೆಯಾಗಿರಲಿಲ್ಲ. "ರೈಲಿನ ಜೊತೆ ಆಗಿಹೋಗಿದೆ," ಎಂದು ತಾನೇ ಹೇಳಿಕೊಂಡ. ರೈಲಿನವನಾದ್ದರಿಂದ ಅವನು ಕಟ್ಟಿದ ಗಂಟು ಬಿಗಿಯಾಗಿತ್ತು. ಒಂದು ಹನಿ ಸಾರೂ ಚೆಲ್ಲುವಂತಿಲ್ಲ. ಒಂದು ಬುಟ್ಟಿ ತುಂಬ ಹಾಗೆ ಕಟ್ಟಿ, ಶಭಾಸ್ ಎನ್ನುತ್ತಾರೇನೋ ಎಂದು ಸುತ್ತ ನೋಡಿದ.

ಚೆಂಚಾ ಒಂದು ಪೊಟ್ಟಣ ತೆಗೆದು ಅವನ ಕೈಗಿತ್ತಳು. "ಎಡಗೈಯಲ್ಲಿ ಆ ಕಂಬ ಹಿಡ್ಕೊಳ್ಳಿ. ಬಿಡಬಾರ್ದು. ಬಿಟ್ರೆ ಸತ್ರಿ ಅಂತ ತಿಳ್ಕೊಳ್ಳಿ. ಈಗ ಊಟ ಮಾಡಿ."

ಲಿಸಾಂದ್ರೊ ಒಂದೇ ಕೈಯಲ್ಲಿ ತಿಣುಕಾಡಿದ. ಉಗುರು ಹಾಕಿದ, ಹಲ್ಲು ಹಾಕಿದ. ಗಂಟು ಜಪ್ಪಯ್ಯ ಎನ್ನಲಿಲ್ಲ.

"ಒಂದು ಕೈ ಪ್ರಾಣಕ್ಕೆ, ಒಂದು ಕೈ ಊಟಕ್ಕೆ," ಎಂದಳು ಚಿಕ್ಕಮ್ಮ. "ಮೂರನೇ ಕೈ ದೇವರು ಕೊಟ್ಟಿಲ್ಲ. ನಮ್ಮ ಗಂಟು ಹಲ್ಲಿಗೆ ಬಿಚ್ಚಬೇಕು. ಬ್ರಿಹಿದಾ, ತೋರಿಸೇ ಇವರಿಗೆ."

ಬ್ರಿಹಿದಾ ಚೀಲದ ಬಾಯನ್ನು ಎರಡು ಸುತ್ತು ಸುತ್ತಿ, ಒಂದು ಕುಣಿಕೆ ಮಾಡಿ, ತುದಿಯನ್ನು ಬಾಲದ ಹಾಗೆ ಹೊರಗೆ ಬಿಟ್ಟಳು. ಆಮೇಲೆ ಆ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಮೆಲ್ಲಗೆ ಎಳೆದಳು. ಗಂಟು ಹೂವಿನ ಹಾಗೆ ಬಿಚ್ಚಿಕೊಂಡಿತು. ಅವಳ ಮುಂದಿನ ಎರಡು ಹಲ್ಲುಗಳ ನಡುವೆ ಸಣ್ಣ ಸಂದು. ಚಿಕ್ಕಂದಿನಿಂದ ಅದನ್ನು ಮುಚ್ಚಿಕೊಂಡೇ ನಗುವುದು ಅವಳ ಅಭ್ಯಾಸ.

"ಇನ್ನೊಂದ್ಸಲ ತೋರಿಸ್ತೀರಾ?" ಎಂದ ಅವನು.

"ಅರ್ಥ ಆಗ್ಲಿಲ್ವಾ?"

"ಆಯ್ತು. ಆದ್ರೂ ತೋರಿಸಿ."

ಅವಳು ತೋರಿಸಿದಳು. ಈ ಸಲ ಅವನು ಗಂಟನ್ನು ನೋಡುತ್ತಿರಲಿಲ್ಲ ಎಂಬುದು ಒಲೆಯ ಮುಂದಿದ್ದ ಹೆಂಗಸರಿಗೆಲ್ಲ ಗೊತ್ತಾಯಿತು.

ಅಂದಿನಿಂದ ಅವನು ಓಡಿಸುವ ರೈಲು ಸಕ್ಕರೆ ಮಿಲ್ಲಿನ ಗೇಟಿನ ಬಳಿಯೇ ಎರಡು ಉದ್ದ, ಒಂದು ಗಿಡ್ಡ ಸಿಳ್ಳೆ ಹಾಕತೊಡಗಿತು. ಊರ ಹತ್ತಿರ ಬಂದಾಗ ಹುಡುಗಿಯೊಬ್ಬಳು ಜೊತೆಯಲ್ಲಿ ನಡೆಯಬಹುದು ಎನ್ನುವಷ್ಟು ನಿಧಾನವಾಗುತ್ತಿತ್ತು. ಕಿಟಕಿಯಿಂದ ಒಂದು ಕೈ ಮೇಲೇಳುತ್ತಿತ್ತು. ಬ್ರಿಹಿದಾಳ ಎರಡು ಕೈಯಲ್ಲೂ ಪೊಟ್ಟಣಗಳಿರುತ್ತಿದ್ದವು, ಕೈಯೆತ್ತಲು ಆಗುತ್ತಿರಲಿಲ್ಲ. ಗಲ್ಲ ಎತ್ತಿ ತೋರಿಸುತ್ತಿದ್ದಳು. ರಜೆ ಸಿಕ್ಕಿದ ದಿನ ಅವನು ಬಸ್ಸು ಹತ್ತಿ ಬಂದು ನೀರಿನ ಬಾಟಲಿಗಳನ್ನು ಜೋಡಿ ಜೋಡಿಯಾಗಿ ದಾರಕ್ಕೆ ಕಟ್ಟುತ್ತ ಕೂರುತ್ತಿದ್ದ. ಉಪ್ಪಿನ ಮಾತು ಮಾತ್ರ ಬಿಡಲಿಲ್ಲ. ಅವಳು ಬೇಕೆಂದೇ ಅವನ ತಟ್ಟೆಗೆ ಉಪ್ಪು ಹಾಕುವುದನ್ನು ಮರೆಯುತ್ತಿದ್ದಳು.

ಮದುವೆಯ ಮಾತನ್ನು ಅವನು ಎತ್ತಿದ್ದು ಪಾತ್ರೆ ಉಜ್ಜುತ್ತಿದ್ದಾಗ.

"ಕೊರ್ದೊಬಾದಲ್ಲಿ ನಂದೊಂದು ಮನೆ ಇದೆ," ಎಂದ. "ಎರಡು ಕೋಣೆ. ನಿಂಬೆ ಗಿಡ ಇದೆ."

"ಅಲ್ಲಿ ಸಿಳ್ಳೆ ಕೇಳುತ್ತಾ?"

"ಕೇಳುತ್ತೆ. ಆದ್ರೆ ಅಲ್ಲಿ ರೈಲಿಗೆ ಯಾರೂ ಏನೂ ಎಸೆಯಲ್ಲ."

"ಹಂಗಾದ್ರೆ ನಂಗೆ ಅಲ್ಲಿ ಆಗಲ್ಲ," ಎಂದಳು ಅವಳು. ಅವನು ಎದ್ದು ಹೋಗುತ್ತಾನೆ ಎಂದುಕೊಂಡಳು.

ಅವನು ತಪ್ಪಲೆಯ ತಳ ತಿಕ್ಕುತ್ತಲೇ ಇದ್ದ. "ಮನೆ ಬಾಡಿಗೆಗೆ ಕೊಡ್ತೀನಿ. ನಿಂಬೆ ಗಿಡಾನ ಕುಂಡದಲ್ಲಿ ತರ್ತೀನಿ. ನಾನೇ ಇಲ್ಲಿಗೆ ಬರ್ತೀನಿ."

"ಬರ್ತೀನಿ ಅನ್ನೋದು ಸುಲಭ."

ಅವಳು ಅಮಾದೋರನ ವಿಷಯ ಅಂದು ಹೇಳಿದಳು. ಊರಿನವರಿಗೆಲ್ಲ ಬಾಯಿಪಾಠವಾಗಿದ್ದ ಕಥೆ ಅದು, ಅವನೊಬ್ಬನಿಗೆ ಗೊತ್ತಿರಲಿಲ್ಲ. ಅವಳಿಗೆ ಇಪ್ಪತ್ತೆರಡಾಗಿದ್ದಾಗ ಇದೇ ಊರ ಇಗರ್ಜಿಯ ಮುಂದೆ, ಬಿಳಿ ಬಟ್ಟೆ ಉಟ್ಟು ನಿಂತಿದ್ದಳು. ಮದುಮಗ ಅಮಾದೋರ್ ಅಂದು ನಸುಕಿನಲ್ಲೇ ಇದೇ ರೈಲಿನ ನೆತ್ತಿ ಹತ್ತಿ ಉತ್ತರಕ್ಕೆ ಹೋಗಿಬಿಟ್ಟಿದ್ದ. ಕಾದು ಕಾದು, ಜನ ಊಟ ಮಾಡಿ, ಕೈ ತೊಳೆದು, ಅವಳ ಮುಖ ನೋಡದೆ ಮನೆಗೆ ಹೋದರು.

"ಆಮೇಲೆ ನೀನು ಅದೇ ರೈಲಿಗೆ ಊಟ ಕಟ್ಟೋಕೆ ಶುರು ಮಾಡ್ದೆ," ಎಂದ ಲಿಸಾಂದ್ರೊ.

"ಅವನೂ ಹಸಿದೇ ಹೋಗಿರ್ತಾನೆ ಅಂತ ಚಿಕ್ಕಮ್ಮ ಅಂದ್ಲು. ಮೊದಲನೇ ದಿನ ಸಿಟ್ಟಲ್ಲೇ ಎಸೆದೆ, ಕಲ್ಲು ಎಸೆದ ಹಾಗೆ. ಆಮೇಲಾಮೇಲೆ ಅವರ ಮುಖಗಳು ಕಾಣಿಸೋಕೆ ಶುರುವಾದ್ವು." ಸ್ವಲ್ಪ ತಡೆದು ಹೇಳಿದಳು: "ಇನ್ನೊಂದ್ಸಲ ಆ ಬಾಗಿಲಲ್ಲಿ ಹಂಗೆ ನಿಲ್ಲೋ ಶಕ್ತಿ ನಂಗಿಲ್ಲ. ಯೋಚನೆ ಮಾಡಿ ಹೇಳಿ."

"ಆಣೆ ಗೀಣೆ ಇಡಲ್ಲ ನಾನು," ಎಂದ ಅವನು. "ಬರ್ತೀನಿ, ನೋಡು."

ಮದುವೆ ಒಂದು ಶನಿವಾರ ಮಧ್ಯಾಹ್ನಕ್ಕೆ ಎಂದು ಗೊತ್ತಾಯಿತು. ಅದಕ್ಕೆ ಕೆಲವು ದಿನ ಮುಂಚೆ ರೈಲಿನವರಿಗೆ ಹೊಸ ಆಜ್ಞೆ ಬಂತು. ಗೇಟುಗಳಲ್ಲಿ ಹಾಕಬೇಕಾದ ಸಿಳ್ಳೆ ಬಿಟ್ಟರೆ ಬೇರೆ ಸಿಳ್ಳೆ ಕೂಡದು. ಎರಡು ಉದ್ದ, ಒಂದು ಗಿಡ್ಡ ನಿಂತಿತು. "ಇನ್ಮೇಲೆ ಎಲ್ಲ ಡ್ರೈವರ್ ಸಿಳ್ಳೇನೂ ಒಂದೇ," ಎಂದು ಅವನು ಪೆಚ್ಚಾಗಿ ಹೇಳಿದ.

ಶನಿವಾರ ಬೆಳಗ್ಗೆಯಿಂದ ಹೆಂಗಸರು ಅಡುಗೆಮನೆ ಬಿಟ್ಟು ಅಲುಗಾಡಲಿಲ್ಲ. ಕೋಳಿಗೆ ಮೋಲೆ, ಅಂದರೆ ಒಣಮೆಣಸಿನಕಾಯಿ, ಎಳ್ಳು, ಚಾಕೊಲೇಟ್ ಅರೆದು ಹಿಂದಿನ ದಿನದಿಂದ ಕುದಿಸಿದ ಕಪ್ಪು ಗೊಜ್ಜು. ಕೆಂಪು ಅನ್ನ. ಬುಟ್ಟಿ ಬುಟ್ಟಿ ರೊಟ್ಟಿ. ಊರಿಗೆಲ್ಲ ಇದ್ದ ಒಂದೇ ಟೆಲಿಫೋನ್ ದೊನ್ ಎಲ್ಪಿದಿಯೊನ ಕಿರಾಣಿ ಅಂಗಡಿಯಲ್ಲಿತ್ತು. ಅವನು ಅಂಗಡಿಗೆ ಬೀಗ ಜಡಿದು, ಟೈ ಕಟ್ಟಿಕೊಂಡು, ಎಲ್ಲರಿಗಿಂತ ಮೊದಲು ಬಂದು ಮೋಲೆಯ ಪಾತ್ರೆಗೆ ಹತ್ತಿರದ ಕುರ್ಚಿ ಹಿಡಿದಿದ್ದ. ಈ ಗಡಿಬಿಡಿಯಲ್ಲಿ ರೈಲಿನ ಪೊಟ್ಟಣ ಕಟ್ಟುವುದನ್ನೇ ಎಲ್ಲರೂ ಮರೆತರು. ವರ್ಷಗಳಿಂದ ತಪ್ಪದ ಕೆಲಸ ಅಂದು ತಪ್ಪಿತು.

ಮಧ್ಯಾಹ್ನದ ಗಂಟೆ ಹೊಡೆಯಿತು. ಲಿಸಾಂದ್ರೊ ಬರಲಿಲ್ಲ.

ಕೊರ್ದೊಬಾದ ಬಸ್ಸು ಬಂತು, ಒಬ್ಬ ಮುದುಕಿ ಕೋಳಿ ಬುಟ್ಟಿಯೊಂದಿಗೆ ಇಳಿದಳು, ಬಸ್ಸು ಹೋಯಿತು. ಫಾದರ್ ತೊರಿಬಿಯೊ ಗಡಿಯಾರ ನೋಡಿಕೊಂಡರು. ಅವರಿಗೆ ಪಕ್ಕದೂರಲ್ಲಿ ಇನ್ನೊಂದು ಪೂಜೆ ಇತ್ತು. ಜನ ಮೊದಲು ಹವೆಯ ಬಗ್ಗೆ ಮಾತಾಡಿದರು, ಆಮೇಲೆ ಮಾತು ನಿಲ್ಲಿಸಿದರು.

ಬ್ರಿಹಿದಾ ಇಗರ್ಜಿಯ ಮೆಟ್ಟಿಲ ಮೇಲೆ ಕೂತಿದ್ದಳು. ಅಮಾದೋರ್ ಬರದಿದ್ದಾಗ ಅವಳಿಗಾದದ್ದು ಅವಮಾನ. ಇಂದು ಆಗುತ್ತಿದ್ದದ್ದು ಅದಲ್ಲ. ಊರವರು ನೋಡುತ್ತಿರುವುದು ಕೂಡ ಅವಳ ಲಕ್ಷ್ಯಕ್ಕೆ ಬರಲಿಲ್ಲ. ಈ ಮನುಷ್ಯ ಅವಳಿಗೆ ಬೇಕಾಗಿದ್ದ, ಅಷ್ಟೆ. ಅವನ ಉಪ್ಪಿನ ಮಾತು, ಪಾತ್ರೆ ತಿಕ್ಕುವ ಕೈ ಅವಳಿಗೆ ಬೇಕಾಗಿದ್ದವು, ಬದುಕಿರುವ ತನಕ.

"ಎದ್ದು ಒಳಗೆ ಬಾ, ತಾಯಿ," ಎಂದಳು ಚೆಂಚಾ. ಆ ಸಲ ಅವಳ ನಾಲಿಗೆಯಲ್ಲಿ ಚುರುಕು ಇರಲಿಲ್ಲ. "ಬಟ್ಟೆ ಬದಲಾಯಿಸ್ಕೋ. ಫಾದರ್ ಹೊರಡ್ತಾರಂತೆ."

ಬ್ರಿಹಿದಾ ಎದ್ದಳು. ಆಗ ಸಕ್ಕರೆ ಮಿಲ್ಲಿನ ಗೇಟಿನಲ್ಲಿ ಸಿಳ್ಳೆ ಕೇಳಿತು. ಎಲ್ಲ ರೈಲುಗಳಂಥದೇ ಒಂದು ಸಿಳ್ಳೆ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದೇ ಒಂದು ಪೊಟ್ಟಣ ಕಟ್ಟಿರಲಿಲ್ಲ.

"ಇವತ್ತೊಂದು ದಿನ ಬಿಡೋಣ," ಎಂದಳು ಯಾರೋ. "ಕರ್ತನಿಗೆ ಅರ್ಥ ಆಗುತ್ತೆ."

"ಕರ್ತನಿಗೆ ಆಗುತ್ತೆ. ಮೇಲೆ ಕೂತಿರೋರಿಗೆ ಆಗಲ್ಲ," ಎಂದಳು ಬ್ರಿಹಿದಾ. ಅವಳ ದನಿ ಅವಳಿಗೇ ಬೇರೆ ಯಾರದೋ ಅನ್ನಿಸಿತು. "ಮಿಲ್ಲಿಂದ ಇಲ್ಲಿಗೆ ಏರು ದಾರಿ. ಹೊತ್ತಿದೆ. ಚೀಲ ತನ್ನಿ. ಮೋಲೆ ಹಾಕಿ ಕಟ್ಟಿ."

ದೊನ್ ಎಲ್ಪಿದಿಯೊ ಕುರ್ಚಿಯಿಂದ ಎದ್ದ. "ಮದುವೆ ಊಟ ಕಣಮ್ಮ ಅದು."

"ಮದುವೆ ಎಲ್ಲಿದೆ ತೋರಿಸಿ, ಊಟ ಮುಟ್ಟಲ್ಲ," ಎಂದಳು ಅವಳು.

ಚೆಂಚಾ ಸೌಟು ಕೈಗೆತ್ತಿಕೊಂಡಳು. ಆಮೇಲೆ ನೋಡಬೇಕಿತ್ತು ಆ ಅಂಗಳವನ್ನು. ಅತಿಥಿಗಳೆಲ್ಲ ಅಂಗಿಯ ತೋಳು ಮಡಚಿದರು. ಫಾದರ್ ತೊರಿಬಿಯೊ ಚೀಲದ ಬಾಯಿ ಅಗಲಿಸಿ ಹಿಡಿದರು. ದೊನ್ ಎಲ್ಪಿದಿಯೊ ಟೈಯನ್ನು ಹೆಗಲ ಮೇಲೆ ಎಸೆದುಕೊಂಡು ಗಂಟು ಹಾಕಿದ, ಬಿಗಿಯಾಗಿ ಹಾಕಿ ಬೈಸಿಕೊಂಡ, ಬಿಚ್ಚಿ ಮತ್ತೆ ಹಾಕಿದ. ಬ್ರಿಹಿದಾಳ ಬಿಳಿ ಬಟ್ಟೆಯ ತೋಳಿನ ಮೇಲೆ ಗೊಜ್ಜು ಚೆಲ್ಲಿತು. ಅವಳು ಒರೆಸಿಕೊಳ್ಳಲೂ ನಿಲ್ಲಲಿಲ್ಲ.

ಹಳಿಯ ಪಕ್ಕ ಅವಳು ಸಾಲಿನ ಮೊದಲಲ್ಲಿ ನಿಂತಳು, ದಿನಾ ನಿಲ್ಲುವ ಜಾಗದಲ್ಲಿ. ರೈಲು ತಿರುವು ದಾಟಿ ಬಂತು. ಅವಳ ಕಣ್ಣು ಅಭ್ಯಾಸಬಲದಿಂದ ಇಂಜಿನ್ನಿನ ಹಿಂದಕ್ಕೆ ಹೋಯಿತು, ಯಾರಿಗೆ ಮೊದಲು ಕೊಡಬೇಕು ಎಂದು ಹುಡುಕಿತು. ಮೊದಲ ಡಬ್ಬಿಯ ಏಣಿಗೆ ಒಬ್ಬ ಮುದುಕ ಜೋತುಬಿದ್ದಿದ್ದ.

"ಇಂಜಿನ್ ನೋಡೇ," ಎಂದಳು ಚೆಂಚಾ, ಮೊಣಕೈಯಲ್ಲಿ ತಿವಿದು.

ಇಂಜಿನ್ನಿನ ಕಿಟಕಿಯಲ್ಲಿ ಲಿಸಾಂದ್ರೊ ಅರ್ಧ ಹೊರಗೆ ಬಾಗಿದ್ದ. ಬಿಳಿ ಅಂಗಿ. ಎದೆಯ ಮೇಲೆ ನಿಂಬೆ ಹೂವಿನ ಗೊಂಚಲು. ಮುಖವೆಲ್ಲ ಮಸಿ. ಅವನು ಏನೋ ಕೂಗುತ್ತಿದ್ದ, ಗಾಲಿಗಳ ಸದ್ದಿಗೆ ಒಂದಕ್ಷರವೂ ಕೇಳಲಿಲ್ಲ. ರೈಲು ಎಂದೂ ಇಲ್ಲದಷ್ಟು ನಿಧಾನವಾಗಿತ್ತು. ಅವನು ಅವಳತ್ತ ಕೈ ಚಾಚಿದ.

ಬ್ರಿಹಿದಾಳ ಕೈಯಲ್ಲಿ ಒಂದೇ ಪೊಟ್ಟಣ ಇತ್ತು. ಅವಳು ಗಲ್ಲ ಎತ್ತಿ ಅವನಿಗೆ ತೋರಿಸಿದಳು. ಪೊಟ್ಟಣವನ್ನು ಮುದುಕನ ಕೈಗೆ ಕೊಟ್ಟಳು.

ಕಿಟಕಿಯಲ್ಲಿದ್ದವನು ಅದನ್ನು ಕಂಡು ನಕ್ಕ. ಅವನ ಮಸಿ ಮುಖದಲ್ಲಿ ಹಲ್ಲು ಮಾತ್ರ ಬೆಳ್ಳಗೆ ಕಂಡಿತು. ಇಂಜಿನ್ ಮುಂದೆ ಹೋಯಿತು, ಡಬ್ಬಿಗಳು ಬಂದವು, ಕೈಗಳು ಬಂದವು, ಅವಳು ಬುಟ್ಟಿಯಿಂದ ತೆಗೆತೆಗೆದು ಕೊಟ್ಟಳು. ಕೊಡುತ್ತಲೇ ಅತ್ತಳು. ಮೇಲಿನಿಂದ ಒಬ್ಬ, "ಮದುಮಗಳೇ, ದೇವರು ಒಳ್ಳೇದು ಮಾಡ್ಲಿ," ಎಂದು ಕೂಗಿದ. ರೈಲು ದಾಟಿದ ಮೇಲೆ ಹಳಿಯ ಪಕ್ಕದ ಜಲ್ಲಿಯ ಮೇಲೆ ಕುಳಿತು ಇನ್ನಷ್ಟು ಅತ್ತಳು, ಆಮೇಲೆ ಹಲ್ಲಿನ ಸಂದು ಮುಚ್ಚಿಕೊಳ್ಳದೆ ನಕ್ಕಳು.

"ನಾನು ಹೇಳಿದ ಹಾಗೆ ಬಟ್ಟೆ ಬದಲಾಯಿಸೋಕೆ ಹೋಗಿದ್ದಿದ್ರೆ," ಎಂದಳು ಚಿಕ್ಕಮ್ಮ, ಪಕ್ಕದಲ್ಲಿ ಕುಸಿದು ಕೂತು. ಮಾತು ಮುಗಿಸಲಿಲ್ಲ.

ಫಾದರ್ ತೊರಿಬಿಯೊ ಪಕ್ಕದೂರಿಗೆ ಹೋಗಿ ಪೂಜೆ ಮುಗಿಸಿ ವಾಪಸ್ಸು ಬಂದರು. ಬಿಸಿಲು ಇಳಿಯುವ ಹೊತ್ತಿಗೆ ಕಬ್ಬಿನ ಲಾರಿಯೊಂದು ಇಗರ್ಜಿಯ ಮುಂದೆ ನಿಂತಿತು. ರೈಲನ್ನು ಕೊರ್ದೊಬಾಕ್ಕೆ ಮುಟ್ಟಿಸಿ ಬಂದ ಲಿಸಾಂದ್ರೊ ಅದರಿಂದ ಇಳಿದ. ಮುಖ ತೊಳೆದಿದ್ದ. ಕಂಕುಳಲ್ಲಿ ನಿಂಬೆ ಗಿಡದ ಕುಂಡ.

"ಫೋನ್ ಮಾಡ್ದೆ," ಎಂದ, ಅವಳ ಮುಂದೆ ನಿಂತು. "ಎಷ್ಟೋ ಸಲ ಮಾಡ್ದೆ. ಹೊಡ್ಕೊಳ್ತಾನೇ ಇತ್ತು."

ದೊನ್ ಎಲ್ಪಿದಿಯೊ ತನ್ನ ಬೂಟನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

"ಬದಲಿ ಡ್ರೈವರ್ ಜ್ವರ ಅಂತ ಮಲಗಿಬಿಟ್ಟ. ತಿಯೆರ್ರಾ ಬ್ಲಾಂಕಾ ಸ್ಟೇಷನ್ನಲ್ಲಿ ರೈಲು ಬಿಸಿಲಲ್ಲಿ ನಿಂತೇ ಇತ್ತು, ಮೇಲೆ ಮಕ್ಕಳು. ಬೇರೆ ಯಾರೂ ಇರ್ಲಿಲ್ಲ. ಬಿಟ್ಟು ಬಸ್ ಹತ್ತಬಹುದಿತ್ತು ನಾನು."

"ಹತ್ತಬೇಕಿತ್ತು," ಎಂದಳು ಬ್ರಿಹಿದಾ. "ನಾನಿಲ್ಲಿ ಸತ್ತೇ ಹೋಗಿದ್ದೆ."

"ಹತ್ತಿ ಬಂದಿದ್ರೆ ನೀನು ಕೇಳ್ತಿದ್ದೆ, ಇವತ್ತು ರೈಲು ಯಾಕೆ ಬರ್ಲಿಲ್ಲ ಅಂತ."

ಅವಳು ಖಂಡಿತ ಕೇಳುತ್ತಿದ್ದಳು.

"ನಾನು ಹಳಿಗೆ ಬರದೇ ಇದ್ದಿದ್ರೆ?" ಎಂದಳು. "ಯಾವ ಮದುಮಗಳು ಬರ್ತಾಳೆ?"

"ನೀನು ಬರ್ತೀಯ ಅಂತ ಗೊತ್ತಿತ್ತು. ಅದಕ್ಕೇ ಹೂವು ಸಿಕ್ಕಿಸ್ಕೊಂಡು ಕಿಟಕೀಲಿ ನಿಂತಿದ್ದೆ."

"ಏನೋ ಕೂಗಿದ್ರಲ್ಲ. ಕೇಳಿಸ್ಲೇ ಇಲ್ಲ."

"ಮೋಲೆಗೆ ಉಪ್ಪು ಹಾಕಿದೀಯಾ ಅಂತ."

ಅವಳು ಅವನ ಎದೆಗೆ ಗುದ್ದಿದಳು. ಅವನು ಆ ಕೈಯನ್ನು ಹಿಡಿದುಕೊಂಡ, ಬಿಡಲಿಲ್ಲ. "ಬಂದೇ ಬರ್ತೀನಿ ಅಂತ ಕೂಗ್ದೆ," ಎಂದ ಮೆಲ್ಲಗೆ. "ನೀನಿಲ್ದೆ ನಂಗಾಗಲ್ಲ ಅಂತ ಕೂಗ್ದೆ. ಮೇಲೆ ಕೂತಿದ್ದೋರೆಲ್ಲ ಕೇಳಿಸ್ಕೊಂಡ್ರು, ನಿಂಗೊಬ್ಬಳಿಗೆ ಕೇಳ್ಲಿಲ್ಲ."

ಮದುವೆಯಾಯಿತು. ಗೊಜ್ಜಿನ ಕಲೆಯ ತೋಳಿನಲ್ಲೇ ಅವಳು ಉಂಗುರ ತೊಡಿಸಿಕೊಂಡಳು. ಊಟದ ಮೇಜಿನ ಮೇಲೆ ಉಳಿದಿದ್ದು ಕಾಫಿ, ಬಾಳೆಹಣ್ಣು, ತಣ್ಣನೆಯ ರೊಟ್ಟಿ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ, ದೊನ್ ಎಲ್ಪಿದಿಯೊ ಸ್ವಲ್ಪ ಮಾಡಿಕೊಂಡ.

ಆಗ ಚೆಂಚಾ ಶಾಲಿನ ಒಳಗಿಂದ ಒಂದು ಪೊಟ್ಟಣ ತೆಗೆದು ಗಂಡು-ಹೆಣ್ಣಿನ ಮುಂದಿಟ್ಟಳು. "ರೈಲು ಓಡಿಸೋನೂ ರೈಲಲ್ಲೇ ಬಂದೋನು ತಾನೆ," ಎಂದಳು.

ಲಿಸಾಂದ್ರೊ ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಬಲಗೈಯಲ್ಲಿ ಪೊಟ್ಟಣ ಎತ್ತಿಕೊಂಡ. ಎಡಗೈ ಇಗರ್ಜಿಯ ಬಾಗಿಲಿನಿಂದ ಅಲ್ಲಿಯ ತನಕ ಬ್ರಿಹಿದಾಳ ಕೈ ಬಿಟ್ಟಿರಲಿಲ್ಲ.

"ಎರಡು ಕೈಯಲ್ಲೂ ಬಿಚ್ಚಬಹುದು," ಎಂದಳು ಅವಳು. "ನೀವೀಗ ರೈಲಲ್ಲಿಲ್ಲ."

"ಒಂದು ಕೈ ಪ್ರಾಣಕ್ಕೆ ಅಂತ ನಿಮ್ಮ ಚಿಕ್ಕಮ್ಮ ಹೇಳಿಕೊಟ್ಟಿದಾರೆ," ಎಂದ ಅವನು. ಅವಳ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದು, ಗಂಟಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದ.